ಓದುಗರ ಪ್ರಶ್ನೆ – ನಮ್ಮ ಉತ್ತರ: ಮನಸ್ಸು ಓದುವವಳು ಕಾಲವನ್ನೂ ದಾಟಿದರೆ?

ಮುಂಬೈ, ಪುಣೆ, ಗೋವಾದಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಗಿಸುವ ಬಾಹ್ಯಾಕಾಶ ಕಥೆಗಳ ಬಗ್ಗೆ, ಅದರಲ್ಲೂ ಎರಡನೇ ಭಾಗ ಬರೆಯಲು ಹೊರಟವರಿಂದ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಐದು ಜನರ ನೌಕೆ ಶನಿಯ ಉಪಗ್ರಹ ಟೈಟಾನ್‌ಗೆ ಹೋಗುವ ಹಾಸ್ಯ ಕಾದಂಬರಿ ಬರೆದಿದ್ದೇನೆ. ಅಡುಗೆ ನೋಡಿಕೊಳ್ಳುವ ಅಕ್ಕನಿಗೆ ಇನ್ನೊಬ್ಬರ ಮನಸ್ಸು ಓದಲು ಬರುತ್ತದೆ. ಎರಡನೇ ಭಾಗದಲ್ಲಿ ಕಾಲಯಾನ ತರುವ ಆಸೆ. ಆದರೆ ಎಲ್ಲರ ಮನಸ್ಸೂ ಗೊತ್ತಾಗುತ್ತದೆ, ಹಿಂದಕ್ಕೆ ಹೋಗಿ ತಿದ್ದಲೂ ಬರುತ್ತದೆ ಎಂದಾದರೆ ಕಥೆಯಲ್ಲಿ ತೊಡಕು ಎಲ್ಲಿಂದ ಬರಬೇಕು? – ಡೊಂಬಿವಲಿಯ ಓದುಗರು

ಉತ್ತರ: ನಿಮಗೆ ಎರಡು ಪವಾಡ ಬೇಕಿಲ್ಲ, ಒಂದು ಸಾಕು. ಶನಿಯ ಹತ್ತಿರದಿಂದ ಹೊರಟ ರೇಡಿಯೋ ಮಾತು ಭೂಮಿ ಮುಟ್ಟಲು ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಅಕ್ಕ ಟೈಟಾನ್‌ನಲ್ಲಿ ಕೂತು ಡೊಂಬಿವಲಿಯ ತಮ್ಮನ ಮನಸ್ಸನ್ನು ಆ ಕ್ಷಣದಲ್ಲೇ ಓದಿದಳೆಂದರೆ, ಆ ಸುದ್ದಿ ಬೆಳಕನ್ನು ಹಿಂದೆ ಹಾಕಿತು ಎಂದಾಯಿತು. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಬೆಳಕಿಗಿಂತ ವೇಗವಾಗಿ ಸುದ್ದಿ ಸಾಗುವುದಾದರೆ, ಭಾರಿ ವೇಗದಲ್ಲಿ ದೂರ ಸರಿಯುತ್ತಿರುವ ಇಬ್ಬರು ಪ್ರಶ್ನೆ ಹೊರಡುವ ಮೊದಲೇ ಉತ್ತರ ಕೈಸೇರುವಂತೆ ಮಾಡಬಹುದು. ಹಾಗಾಗಿ ನಿಮ್ಮ ಅಕ್ಕನ ಶಕ್ತಿಯ ಹೊಟ್ಟೆಯಲ್ಲೇ ಕಾಲಯಾನ ಇದೆ. ಬೇರೆ ಯಂತ್ರ ತಂದು ನಿಲ್ಲಿಸಬೇಡಿ. ಒಂದೇ ಸುಳ್ಳು ಹೇಳಿ, ಅದರ ಲೆಕ್ಕವನ್ನು ಕೊನೆಯ ಪುಟದವರೆಗೆ ಚೊಕ್ಕವಾಗಿ ಇಡಿ. ಹಾಸ್ಯ ಕಥೆ ಎಂದು ನಿಯಮ ಸಡಿಲಿಸಿದರೆ ನಗು ಬರುವುದಿಲ್ಲ. ಅಕ್ಕನಿಗೆ ಏನು ಆಗುವುದಿಲ್ಲ ಎಂಬುದು ಓದುಗರಿಗೆ ಗಟ್ಟಿಯಾಗಿ ಗೊತ್ತಿದ್ದರೇ ಅವಳ ಪೇಚಾಟಕ್ಕೆ ನಗು ಬರುವುದು.

ಈಗ ಶಕ್ತಿಗೆ ಬೇಲಿ ಹಾಕಿ. ಸಂಜಯನಿಗೆ ದಿವ್ಯದೃಷ್ಟಿ ಇತ್ತು, ಕುರುಕ್ಷೇತ್ರವೆಲ್ಲ ಕಾಣುತ್ತಿತ್ತು. ಆದರೆ ಒಂದು ಬಾಣವನ್ನೂ ತಡೆಯಲು ಆಗಲಿಲ್ಲ. ಅಂಥ ಬೇಲಿ ಬೇಕು. ಕಾಗದದಲ್ಲಿ ಮೂರು ಸಾಲು ಬರೆದುಕೊಳ್ಳಿ: ಒಂದು ಸಲಕ್ಕೆ ಎಷ್ಟು ಮನಸ್ಸು, ಎಷ್ಟು ಹೊತ್ತು, ಆಮೇಲೆ ಏನು ತೆರಬೇಕು. ಉದಾಹರಣೆಗೆ ಒಂದು ಮನಸ್ಸು, ಮೂರು ನಿಮಿಷ, ಆಮೇಲೆ ಆರು ಗಂಟೆ ನಾಲಗೆಗೆ ಉಪ್ಪಿನ ರುಚಿ ಹತ್ತುವುದಿಲ್ಲ. ತೆರುವುದು ಅವಳ ಕೆಲಸಕ್ಕೇ ತಟ್ಟಬೇಕು, ಬರೀ ತಲೆನೋವು ಎಂದರೆ ಉಪಯೋಗವಿಲ್ಲ. ಉಪ್ಪು ಹೋದರೆ ಮಧ್ಯಾಹ್ನದ ಸಾರು ಬಾಯಿಗಿಟ್ಟ ಕೂಡಲೇ ಕ್ಯಾಪ್ಟನ್‌ಗೆ ಗೊತ್ತಾಗುತ್ತದೆ, ಬೆಳಿಗ್ಗೆ ಯಾರದೋ ಮನಸ್ಸಿಗೆ ಅಕ್ಕ ಇಣುಕಿದ್ದಾಳೆ ಎಂದು. ಯಾರದು ಎಂದು ಐವರೂ ಒಬ್ಬರನ್ನೊಬ್ಬರು ನೋಡುತ್ತಾ ಕೂರುವ ಊಟದ ದೃಶ್ಯ ತಾನಾಗಿ ಸಿಗುತ್ತದೆ.

ಹಿಂದಕ್ಕೆ ಹೋಗಿ ತಿದ್ದುವ ವಿಷಯ. ರಷ್ಯಾದ ಭೌತವಿಜ್ಞಾನಿ ನೋವಿಕೊವ್ ಹೆಸರಿನ ತತ್ತ್ವವೊಂದಿದೆ: ಹಿಂದಿನ ಕಾಲಕ್ಕೆ ಏನೇ ಕಳಿಸಿದರೂ ಅದು ಆಗಲೇ ನಡೆದುಹೋದದ್ದರ ಭಾಗವೇ, ಯಾವುದನ್ನೂ ಬದಲಿಸುವುದಿಲ್ಲ. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ‘ಎರಡನೇ ಬಾಗಿಲು ತೆಗೀಬೇಡಿ’ ಎಂಬ ಎಚ್ಚರಿಕೆ ಅಕ್ಕನಿಗೆ ಮೂರನೇ ಅಧ್ಯಾಯದಲ್ಲಿ ಬರಲಿ. ಎರಡನೆಯದು ಎಂದರೆ ಎಂಜಿನ್ ಕಡೆಯಿಂದಲೋ ಅಡುಗೆಮನೆ ಕಡೆಯಿಂದಲೋ? ನೌಕೆಯವರು ಎಂಜಿನ್ ಕಡೆಯಿಂದ ಎಣಿಸಿ, ತೆಗೆಯಬಾರದ್ದನ್ನೇ ತೆಗೆಯುತ್ತಾರೆ. ಹತ್ತನೇ ಅಧ್ಯಾಯದಲ್ಲಿ ಅಕ್ಕನೇ ಗಡಿಬಿಡಿಯಲ್ಲಿ ಆ ಎಚ್ಚರಿಕೆಯನ್ನು ಹಿಂದಕ್ಕೆ ಕಳಿಸುವಾಗ ‘ಯಾವ ಕಡೆಯಿಂದ’ ಎಂದು ಹೇಳುವಷ್ಟರಲ್ಲಿ ಅವಳ ಮೂರು ನಿಮಿಷ ಮುಗಿದಿರುತ್ತದೆ. ಎರಡೂ ಕಡೆ ಆ ಮಾತು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಓದುಗರು ಪುಟ ತಿರುವಿ ನೋಡಿಯೇ ನೋಡುತ್ತಾರೆ. ಒಂದು ‘ದಯವಿಟ್ಟು’ ಹೆಚ್ಚಾದರೂ ಗಂಟು ಬಿಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ಕಥೆಯ ನೌಕೆ ಬೆಳಕಿನ ವೇಗದ ನೂರಕ್ಕೆ 98ರಷ್ಟು ವೇಗದಲ್ಲಿ ಪ್ರಾಕ್ಸಿಮಾ ನಕ್ಷತ್ರಕ್ಕೆ ಹೋಗಿ ಬರುತ್ತದೆ. ಮರಳಿದಾಗ ಭೂಮಿಯಲ್ಲಿ ಎಷ್ಟು ವರ್ಷ ಕಳೆದಿರುತ್ತದೆ? – ಪುಣೆ, ಹಡಪ್ಸರ್

ಉತ್ತರ: ಪ್ರಾಕ್ಸಿಮಾ 4.24 ಬೆಳಕಿನ ವರ್ಷ ದೂರ. ಹೊರಟ ಗಳಿಗೆಯಿಂದಲೇ ಆ ವೇಗವಿದೆ ಎಂದಿಟ್ಟುಕೊಂಡರೆ ಭೂಮಿಯಲ್ಲಿ ಸುಮಾರು 8 ವರ್ಷ 8 ತಿಂಗಳು, ನೌಕೆಯಲ್ಲಿ 20 ತಿಂಗಳಿಗಿಂತ ತುಸು ಹೆಚ್ಚು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲೇ. ಒಳಗಿನವರು ಜಜ್ಜಿಹೋಗದಂತೆ, ಭೂಮಿಯ ಗುರುತ್ವದಷ್ಟೇ ಒತ್ತಡದಲ್ಲಿ ವೇಗ ಏರಿಸುತ್ತಾ ಹೋದರೆ, 98ನ್ನು ಮುಟ್ಟುವಷ್ಟರಲ್ಲಿ ನೌಕೆ 3.9 ಬೆಳಕಿನ ವರ್ಷ ದಾಟಿರುತ್ತದೆ. ನಕ್ಷತ್ರ ಮುಂದೆಯೇ ಇದೆ, ನಿಲ್ಲಿಸಲು ಜಾಗವೇ ಇಲ್ಲ!

ಅದಕ್ಕೆ ಅರ್ಧ ದಾರಿ ವೇಗ ಏರಿಸಿ, ನೌಕೆಯನ್ನು ತಿರುಗಿಸಿ, ಉಳಿದರ್ಧ ಇಳಿಸಬೇಕು. ಆಗ ನಡುದಾರಿಯ ಗರಿಷ್ಠ ವೇಗ ನೂರಕ್ಕೆ 95ರ ಹತ್ತಿರ. ಹೋಗಿಬರಲು ನೌಕೆಯ ಗಡಿಯಾರದಲ್ಲಿ ಸುಮಾರು 7.1 ವರ್ಷ, ಭೂಮಿಯಲ್ಲಿ 11.7 ವರ್ಷ. ವ್ಯತ್ಯಾಸ ಸುಮಾರು 4.6 ವರ್ಷ. ಇದು ಸಣ್ಣ ಸಂಖ್ಯೆ ಎಂದು ಬೇಸರಪಡಬೇಡಿ. ನೌಕೆಯಲ್ಲಿ ಹೋದವಳಿಗೆ ನಾಲ್ಕು ವರ್ಷ ಚಿಕ್ಕ ತಂಗಿ ಪುಣೆಯಲ್ಲಿದ್ದರೆ, ಅಕ್ಕ ಮರಳಿದಾಗ ತಂಗಿಯೇ ಏಳೆಂಟು ತಿಂಗಳು ದೊಡ್ಡವಳು! ಇನ್ನು ಯಾರು ಯಾರನ್ನು ‘ಅಕ್ಕಾ’ ಎನ್ನಬೇಕು, ಹಬ್ಬಕ್ಕೆ ಯಾರ ಕಾಲಿಗೆ ಯಾರು ಬೀಳಬೇಕು, ಭಾವನವರು ಯಾರನ್ನು ‘ನಾದಿನಿ’ ಎಂದು ಚುಡಾಯಿಸಬೇಕು? ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಅಧ್ಯಾಯ ಧಾರಾಳ ನಿಲ್ಲುತ್ತದೆ. ಹತ್ತು ಸಾವಿರ ವರ್ಷ ಕಳೆಯಿತು ಎಂದು ಬರೆದರೆ ಕೇಳಲು ಯಾರೂ ಉಳಿದಿರುವುದಿಲ್ಲ.

ದೊಡ್ಡ ಜಿಗಿತವೇ ಬೇಕೆಂದಿದ್ದರೆ ಭಾಗವತ ತೆಗೆದು ನೋಡಿ. ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಗಂಧರ್ವರ ಗಾನ ಮುಗಿಯಲೆಂದು ತುಸು ಹೊತ್ತು ಕಾದ. ಅಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿತ್ತು. ರೇವತಿಯನ್ನು ವರಿಸಿದ ಬಲರಾಮನಿಗಿಂತ ಅವಳು ತೀರಾ ಎತ್ತರವಾಗಿದ್ದಳಂತೆ. ವಿಷ್ಣುಪುರಾಣದಲ್ಲಿ ಆತ ನೇಗಿಲ ತುದಿಯಿಂದ ಅವಳನ್ನು ಕುಳ್ಳಗಾಗಿಸುತ್ತಾನೆ. ಕಾಲ ದಾಟಿ ಬಂದವಳಿಗೆ ಹೊಸ ಕಾಲದ ಬಾಗಿಲು, ಮಂಚ, ಬಟ್ಟೆ ಯಾವುದೂ ಹೊಂದುವುದಿಲ್ಲ ಎಂಬ ಎಣಿಕೆ ಅಲ್ಲಿ ಆಗಲೇ ಇದೆ.

ಪ್ರಶ್ನೆ: ನೌಕೆಗೆ ಆಳು ಆರಿಸುವಾಗ ಮನೋಶಕ್ತಿ ಇದೆಯೇ ಎಂದು ಪರೀಕ್ಷಿಸುವ ದೃಶ್ಯವಿದೆ. ನಿಜವಾಗಿ ಅಂಥ ಪರೀಕ್ಷೆ ಇದೆಯೇ? – ಮುಲುಂಡ್

ಉತ್ತರ: ಇದೆ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಬಳಸಿದ ಝೀನರ್ ಕಾರ್ಡುಗಳು. ಒಟ್ಟು 25 ಕಾರ್ಡು. ವೃತ್ತ, ಕೂಡು ಗುರುತು, ಮೂರು ಅಲೆಗೆರೆ, ಚೌಕ, ನಕ್ಷತ್ರ ಒಂದೊಂದೂ ಐದೈದು. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ಊಹಿಸುತ್ತಾರೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೂ ಸರಾಸರಿ ಐದು ಸರಿಯಾಗುತ್ತದೆ. ಹತ್ತು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಎರಡಕ್ಕೂ ಕಡಿಮೆ. ಆದರೆ ಅರವತ್ತು ಜನರನ್ನು ಕೂರಿಸಿದರೆ ಒಬ್ಬರಿಗೆ ಬರೀ ಅದೃಷ್ಟದಿಂದಲೇ ಹತ್ತು ಬಂದೀತು. ನಿಮ್ಮ ಕಥೆಯಲ್ಲಿ ನೌಕೆ ಏರುವುದು ಆ ಅದೃಷ್ಟವಂತ, ನಿಜವಾದ ಶಕ್ತಿಯುಳ್ಳವಳು ಚಹಾ ತಂದುಕೊಟ್ಟವಳು ಎಂದಾಗಲಿ. ಒಂದು ಎಚ್ಚರಿಕೆ: ಬರೆದ ಕಾರ್ಡಿನ ಹಿಂಬದಿಯಲ್ಲಿ ಶಾಯಿ ಮೂಡಿ ಕಾಣಬಹುದು, ಕಾರ್ಡು ಹಿಡಿದವರ ಕನ್ನಡಕದಲ್ಲಿ ಪ್ರತಿಬಿಂಬ ಬೀಳಬಹುದು. ನಡುವೆ ಪರದೆ ಇಲ್ಲದ ಪರೀಕ್ಷೆಯನ್ನು ಕಥೆಯಲ್ಲೂ ಯಾರೂ ನಂಬುವುದಿಲ್ಲ. ವಿಜ್ಞಾನವು ಒಪ್ಪುವಂಥ ಪುರಾವೆ ಈ ಶಕ್ತಿಗೆ ಇಂದಿಗೂ ಸಿಕ್ಕಿಲ್ಲ.

ಇದೇ ಗುರುತುಗಳು ಚಂದ್ರನ ದಾರಿಗೂ ಹೋಗಿವೆ. 1971ರಲ್ಲಿ ಅಪೊಲೊ 14ರಲ್ಲಿದ್ದ ಎಡ್ಗರ್ ಮಿಚೆಲ್, ಗಗನಯಾನದ ಅಧಿಕೃತ ಕಾರ್ಯಕ್ರಮದಲ್ಲಿ ಇಲ್ಲದಿದ್ದರೂ, ವಿಶ್ರಾಂತಿಯ ವೇಳೆಯಲ್ಲಿ ಅವನ್ನು ಮನಸ್ಸಿನಲ್ಲೇ ಭೂಮಿಯ ಕೆಲವರಿಗೆ ಕಳಿಸಲು ನೋಡಿದರು. ಹವೆ ಕೆಟ್ಟು ರಾಕೆಟ್ ಹೊರಡುವುದು 40 ನಿಮಿಷ ತಡವಾಗಿತ್ತು. ಹಾಗಾಗಿ ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೂ ಅವರು ಕಳಿಸಿದ ಹೊತ್ತಿಗೂ ತಾಳೆ ತಪ್ಪಿತು. ಕಳಿಸುವ ಮೊದಲೇ ಬರೆದುಕೊಂಡ ಉತ್ತರ! ಎರಡನೇ ಭಾಗಕ್ಕೆ ಬೀಜ ಬೇಕೆಂದವರು ಇದನ್ನು ಎತ್ತಿಕೊಳ್ಳಿ.

ಪ್ರಶ್ನೆ: ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಇಂಥದ್ದೇ ನಾಟಕ. ಮನಸ್ಸಿನ ಮಾತು, ಕಾಲದ ಜಿಗಿತ ಎರಡನ್ನೂ ಕಡಿಮೆ ಖರ್ಚಿನಲ್ಲಿ ತೋರಿಸುವುದು ಹೇಗೆ? – ಮಾಟುಂಗಾ

ಉತ್ತರ: ಯಕ್ಷಗಾನದಿಂದ ತೆಗೆದುಕೊಳ್ಳಿ. ಪಾತ್ರದ ಒಳಮಾತನ್ನು ಭಾಗವತರು ಹಾಡುತ್ತಾರೆ, ವೇಷ ಅಭಿನಯಿಸುತ್ತದೆ. ರಂಗದ ಪಕ್ಕ ಒಬ್ಬ ದೊಡ್ಡ ಹುಡುಗಿಯನ್ನು ಕೂರಿಸಿ ಎಲ್ಲ ಪಾತ್ರಗಳ ಮನಸ್ಸಿನ ಮಾತನ್ನೂ ಅವಳಿಂದಲೇ ಹೇಳಿಸಿ. ಮೊದಲೇ ಧ್ವನಿಮುದ್ರಿಸಿದರೆ ಮಕ್ಕಳು ಸಾಲು ಮರೆತಾಗ ಮುದ್ರಣ ಕಾಯುವುದಿಲ್ಲ. ಕೂತ ಹುಡುಗಿ ಕಾಯುತ್ತಾಳೆ. ಕಾಲದ ಜಿಗಿತಕ್ಕೆ ಇಬ್ಬರು ತೆರೆ ಹಿಡಿಯಲಿ, ಚೆಂಡೆ ಬಾರಿಸಲಿ, ತೆರೆಯ ಹಿಂದೆ ಮೇಲಂಗಿ ಬದಲಾಗಲಿ. ಗುಂಡಿ ಬೇಡ, ವೆಲ್ಕ್ರೋ ಹೊಲಿಸಿ. ಅರ್ಧ ನಿಮಿಷದೊಳಗೆ ಮುಗಿಯಬೇಕು. ಬೆಳ್ಳಿಬಣ್ಣಕ್ಕೆಂದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತುವವರು ಗಮನಿಸಿ: ಸೊಂಟದ ಕಾರ್ಡ್‌ಲೆಸ್ ಮೈಕಿನ ಡಬ್ಬಿ ಫಾಯಿಲ್ ಒಳಗೆ ಹೋದರೆ ರೇಡಿಯೋ ಅಲೆ ಹೊರಬರದೆ ಧ್ವನಿ ಕಡಿದುಹೋಗುತ್ತದೆ. ಡಬ್ಬಿಯೂ ಅದರ ಬಾಲದಂಥ ಆಂಟೆನಾವೂ ಫಾಯಿಲ್‌ನಿಂದ ಹೊರಗಿರಲಿ.

ಪ್ರಶ್ನೆ: ನೌಕೆ ದಾರಿ ತಪ್ಪಿ 1950ರ ಮುಂಬೈಗೆ ಬೀಳುತ್ತದೆ. ಯಾವ ವಿವರಗಳಲ್ಲಿ ತಪ್ಪುವ ಸಂಭವ ಹೆಚ್ಚು? – ಘಾಟ್ಕೋಪರ್

ಉತ್ತರ: ಮೊದಲನೆಯದು ಗಡಿಯಾರ. ದೇಶಕ್ಕೆಲ್ಲ ಒಂದೇ ಸಮಯ ಎಂದು 1906ರಲ್ಲೇ ಸ್ಟ್ಯಾಂಡರ್ಡ್ ಟೈಮ್ ಬಂದರೂ ಈ ಊರು ತನ್ನ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಬಿಡಲಿಲ್ಲ. ಅದು 39 ನಿಮಿಷ ಹಿಂದೆ. ರೈಲಿನ ಲೆಕ್ಕದಲ್ಲಿ 9 ಗಂಟೆ ಎಂದರೆ ಬಾಂಬೆ ಟೈಮ್ 8 ಗಂಟೆ 21 ನಿಮಿಷ. ಕಾಲಯಾನದ ಹಾಸ್ಯಕ್ಕೆ ಊರೇ ಕೈಯೆತ್ತಿ ಕೊಟ್ಟ ವರ ಇದು. ನಿಮ್ಮವರು ಇಬ್ಬರಾಗಿ ಚದುರಿ ‘ಒಂಬತ್ತಕ್ಕೆ ವಿ.ಟಿ.ಯಲ್ಲಿ (ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣ) ಸಿಗೋಣ’ ಎಂದರೆ ಸಾಕು: ಒಬ್ಬ ಬಂದು ಕಾದು ಹೊರಟುಹೋಗಿರುತ್ತಾನೆ, ಇನ್ನೊಬ್ಬ ತಾನು ಸರಿಯಾದ ಹೊತ್ತಿಗೇ ಬಂದೆ ಎನ್ನುತ್ತಾನೆ. ಕಾಲವನ್ನೇ ದಾಟಿ ಬಂದವರು 39 ನಿಮಿಷಕ್ಕೆ ಸೋಲುತ್ತಾರೆ.

ಎರಡನೆಯದು ದುಡ್ಡು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ರಂದು. ಎರಡು ಬಣ್ಣದ ಈಗಿನ ಹತ್ತು ರೂಪಾಯಿ ನಾಣ್ಯವನ್ನು ಗಲ್ಲಾದ ಮೇಲಿಟ್ಟರೆ ಮಾಲೀಕರು ಅದನ್ನು ಪದಕ ಎಂದುಕೊಂಡಾರು. ರಸ್ತೆಯಲ್ಲಿ ಟ್ರಾಮ್ ಓಡಲಿ. ಅದು ನಿಂತದ್ದು 1964ರಲ್ಲಿ. ಲೋಕಲ್ ರೈಲು ವಿದ್ಯುತ್ತಿನದೇ, ವಿ.ಟಿ.–ಕುರ್ಲಾ ನಡುವೆ 1925ರಿಂದ. ಮೂರನೆಯದು ನಕ್ಷೆ, ಇದನ್ನು ನಮ್ಮವರೇ ಮರೆಯುತ್ತಾರೆ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬೈ ರಾಜ್ಯದಲ್ಲಿದ್ದವು, 1956ರ ನವೆಂಬರ್ 1ರವರೆಗೆ. ಧಾರವಾಡದವರಿಗೆ ಇದೇ ರಾಜಧಾನಿ. ‘ನಾವು ಬೇರೆ ರಾಜ್ಯದಿಂದ ಬಂದವರು’ ಎಂದು ನಿಮ್ಮ ಧಾರವಾಡದ ಎಂಜಿನಿಯರ್ ಪೊಲೀಸರಿಗೆ ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತಾನೆ.

ಪ್ರಶ್ನೆ: ನಮ್ಮ ನೌಕೆ 1960ರಲ್ಲಿ ಗೋವಾ ಗಡಿಯ ಕ್ಯಾಸಲ್‌ರಾಕ್ ಬಳಿ ಇಳಿದು, ರೈಲಿನಲ್ಲಿ ವಾಸ್ಕೋ ತಲುಪಬೇಕು. ಸರಿಯೇ? – ವಾಸ್ಕೋ, ಗೋವಾ

ಉತ್ತರ: ಸರಿಯಲ್ಲ. ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. 1955ರಲ್ಲಿ ಗಡಿ ದಾಟುವ ರೈಲು ನಿಂತಿತ್ತು. 1954ಕ್ಕೆ ಹಾರಿ, ಅಥವಾ ದೂಧಸಾಗರದ ಕಾಡಿನಲ್ಲಿ ನಡೆಸಿ. ನಡೆಸಿದರೆ ಒಳ್ಳೆಯದು, ಮನಸ್ಸು ಓದುವವಳಿಗೆ ಗಡಿ ಕಾವಲುಗಾರನ ಪೋರ್ಚುಗೀಸ್ ಯೋಚನೆ ಕೇಳಿಸಿಯೂ ಅರ್ಥವಾಗದ ಸಂದರ್ಭ ಸಿಗುತ್ತದೆ. 1960ರಲ್ಲಿ ಜೇಬಿನಲ್ಲಿ ಪೋರ್ಚುಗೀಸರ ಹಣ ಎಸ್ಕುಡೊ ಇರಬೇಕು, ಅದಕ್ಕೆ ಮೊದಲಿನ ರೂಪಿಯಾ ಅಷ್ಟರಲ್ಲಿ ಹೋಗಿತ್ತು. ಪಣಜಿಯಿಂದ ಬೇತಿಗೆ ದೋಣಿಯಲ್ಲೇ ದಾಟಿಸಿ. ಮಾಂಡವಿ ನದಿಗೆ ಸೇತುವೆ ಬಂದದ್ದು 1970ರಲ್ಲಿ.

ಪ್ರಶ್ನೆ: ಎರಡನೇ ಭಾಗದಲ್ಲಿ ಹಿಂದಿನ ಕಥೆ ಎಷ್ಟು ಹೇಳಬೇಕು? – ಬೊರಿವಲಿ

ಉತ್ತರ: ಇನ್ನೂರು ಪದ ಸಾಕು, ಅದೂ ಒಂದೇ ಕಡೆ ಬೇಡ. ಮೊದಲ ಭಾಗದಿಂದ ಯಾರ್ಯಾರಿಗೆ ಯಾರ ಮೇಲೆ ಸಿಟ್ಟಿದೆ, ಯಾವ ವಸ್ತು ಮುರಿದಿದೆ, ಶಕ್ತಿಗೆ ಯಾವ ಮಿತಿ ಹೇಳಿದ್ದಿರಿ – ಈ ಮೂರನ್ನು ಪಟ್ಟಿ ಮಾಡಿಕೊಂಡು, ಮೊದಲ ಇಪ್ಪತ್ತು ಪುಟಗಳ ಜಗಳಗಳಲ್ಲಿ ಒಂದೊಂದಾಗಿ ಬಿಡಿ. ಮಿತಿಯನ್ನು ಮಾತ್ರ ಐದನೇ ಪುಟದೊಳಗೆ ಹೇಳಿಬಿಡಬೇಕು. ಮೊದಲ ಭಾಗದಲ್ಲಿ ಗೋಡೆಯಾಚೆ ಕೇಳಿಸದವಳಿಗೆ ಎರಡನೇ ಭಾಗದಲ್ಲಿ ಕೇಳಿಸುವುದಾದರೆ, ಕಾರಣ ಕಣ್ಣೆದುರೇ ನಡೆಯಲಿ. ‘ಈ ನಡುವೆ ಶಕ್ತಿ ಹೆಚ್ಚಿತ್ತು’ ಎಂಬ ಒಂದು ಸಾಲಿಗೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ.