ಹಾವಿನ ಚಿಕಿತ್ಸೆ ಕಲಿಯೋದು ಎಲ್ಲಿ?

ಪ್ರಶ್ನೆ: ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದೇನೆ. ಹಾವು, ಆಮೆಗಳ ಪುನರ್ವಸತಿ ಕೇಂದ್ರದಲ್ಲಿ ಸ್ವಯಂಸೇವೆ ಮಾಡಿದರೆ ಅನುಭವ ಸಿಗುತ್ತದೆಯೇ?

ಉತ್ತರ: ಖಂಡಿತ ಸಿಗುತ್ತದೆ, ಹೋಗಿ. ಆದರೆ ಮೊದಮೊದಲು ಪೆಟ್ಟಿಗೆ ತೊಳೆಯುವುದು, ತೂಕ ಬರೆಯುವುದೇ ಜಾಸ್ತಿ. ಬೇಸರ ಬೇಡ. ಈ ಪ್ರಾಣಿಗಳ ಮೈಬಿಸಿ ಸುತ್ತಲಿನ ಬಿಸಿಯನ್ನೇ ನಂಬಿಕೊಂಡಿರುತ್ತದೆ, ಆಗುಂಬೆ ಕಡೆಯ ಮಳೆಗಾಲದ ಥಂಡಿಗೆ ಪೆಟ್ಟಿಗೆ ತಣ್ಣಗಾಯಿತು ಅಂದ್ರೆ ಗಾಯ ಮಾಯುವುದೂ ನಿಧಾನ, ಔಷಧಿ ಕೆಲಸ ಮಾಡುವುದೂ ನಿಧಾನ. ಟಿಲ್ಲರ್‌ಗೆ ಸಿಕ್ಕ ಕೇರೆಹಾವಿನ ಗಾಯ ತೊಳೆದು ನೋಡಿ, ಹುರುಪೆಗಳ ಸಂದಿಯಲ್ಲೆಲ್ಲ ಗದ್ದೆ ಮಣ್ಣು! ಇಂಜೆಕ್ಷನ್ ಸಾಮಾನ್ಯವಾಗಿ ಮೈಯ ಮುಂಭಾಗಕ್ಕೇ ಕೊಡುತ್ತಾರೆ, ಹಿಂಭಾಗಕ್ಕೆ ಕೊಟ್ಟರೆ ಔಷಧಿ ಅಲ್ಲಿನ ರಕ್ತದ ಜೊತೆ ನೇರ ಕಿಡ್ನಿಗೆ ಹೋಗಬಹುದು ಅಂತ. ಇದನ್ನೆಲ್ಲ ಕೈಯಾರೆ ನೋಡಿಯೇ ಕಲಿಯಬೇಕು, ಅಲ್ವಾ? ವಿಷದ ಹಾವನ್ನು ಮಾತ್ರ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಇರುವ ಕಡೆಗೇ ಅರ್ಜಿ ಹಾಕಿ.