ಪಗಾರ ಇಲ್ಲದ ಗಂಡನಿಂದ ಜೀವನಾಂಶ ಸಿಗುತ್ತಾ?

ತಂಗಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಎಂಟು ವರ್ಷದ ಮಗಳ ಜೊತೆ ಮುಧೋಳದ ತವರುಮನೆಯಲ್ಲಿದ್ದೀರಿ. ಗಂಡನಿಗೆ ನಾಲ್ಕು ಎಕರೆ ಕಬ್ಬು ಇದೆ. ಆದರೂ 'ನನಗೇನು ಪಗಾರ ಬರುತ್ತಾ, ಜೀವನಾಂಶ ಎಲ್ಲಿಂದ ಕೊಡಲಿ' ಅಂತಾರೆ. ಹಿರಿಯರು ಎರಡು ಲಕ್ಷ ತಗೊಂಡು ಡಿವೋರ್ಸಿನ ಬಾಂಡ್ ಪೇಪರಿಗೆ ಸಹಿ ಹಾಕು ಅಂತಿದ್ದಾರೆ. ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ.

ನಾನು ವಕೀಲಳಲ್ಲ. ಜಮಖಂಡಿ ಕಡೆಯವಳು, ಇಂಥದೇ ಕೇಸು ನಡೆಸಿದವಳು.

ಮೊದಲು ಆ ಎರಡು ಲಕ್ಷದ ಲೆಕ್ಕ ಹಾಕಿ. ಮಗಳಿಗೆ 18 ತುಂಬಲು ಇನ್ನೂ 10 ವರ್ಷ, ಅಂದರೆ 120 ತಿಂಗಳು. ತಿಂಗಳಿಗೆ ಬೀಳುವುದು 1,666 ರೂಪಾಯಿ. ಅದರಲ್ಲೇ ಇಬ್ಬರ ಊಟ, ಗ್ಯಾಸು, ಶಾಲೆ, ಔಷಧ ಎಲ್ಲ ಆಗಬೇಕು. ಮೇಲಾಗಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಡಿವೋರ್ಸ್ ಕೊಡುವುದು ಕೋರ್ಟು, ಬಾಂಡ್ ಪೇಪರ್ ಅಲ್ಲ. ಮಗಳ ಜೀವನಾಂಶ ಮಗಳದೇ ಹಕ್ಕು. ಅದನ್ನು ನೀವು ಸಹಿ ಮಾಡಿ ಬಿಟ್ಟುಕೊಡಲು ಬರುವುದಿಲ್ಲ.

ಇನ್ನು ಪಗಾರದ ಮಾತು. ನನ್ನ ಗಂಡನೂ ಕೋರ್ಟಿನಲ್ಲಿ ಅದನ್ನೇ ಹೇಳಿದರು. ನನ್ನ ವಕೀಲರು ಮೊದಲ ದಿನವೇ ಕೇಳಿದ್ದು 'ಉತಾರ ತಂದೀರೇನು?' ಅಂತ. ಉತಾರ ಅಂದರೆ ಹೊಲದ ಪಹಣಿ. ಸರ್ವೆ ನಂಬರ್ ನೆನಪಿತ್ತು, ನಾಡಕಚೇರಿಗೆ ಹೋಗಿ ಉತಾರ ತೆಗೆಸಿದೆ. ಬೆಳೆ ಅನ್ನೋ ಕಡೆ ಕಬ್ಬು ಅಂತ ಸ್ಪಷ್ಟವಾಗಿತ್ತು. ಇನ್ನೊಂದು ವಿಷಯ ಗೊತ್ತಿರಲಿ. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಿಂದ ಈಚೆಗೆ, ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲ ಬರೆದು ಅಫಿಡವಿಟ್ ಕೊಡಬೇಕು. ಹಾಗೆ ನನ್ನ ಗಂಡನ ಪಾಸ್‌ಬುಕ್ ಕೋರ್ಟಿಗೆ ಬಂತು. ಫ್ಯಾಕ್ಟರಿಯಿಂದ ಜಮಾ ಆದ ಕಬ್ಬಿನ ಬಿಲ್ಲು ಒಂದರ ಕೆಳಗೊಂದು ಕಂಡವು. ಆಮೇಲೆ ಪಗಾರದ ಮಾತು ಏಳಲಿಲ್ಲ.

ನೀವೂ ಅಫಿಡವಿಟ್ ಕೊಡಬೇಕಲ್ವಾ, ಹೊಲಿಗೆಯಿಂದ ಬರುವ ದುಡ್ಡು ಮುಚ್ಚಿಡಬೇಡಿ. ಸ್ವಲ್ಪ ದುಡಿಯುತ್ತೀರಿ ಅಂದಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಜಡ್ಜ್ ಮುಂದೆ ನಿಮ್ಮ ಬೇರೆ ಮಾತಿಗೂ ಬೆಲೆ ಇರಲ್ಲ. ನಾನು ಮೂರು ತಿಂಗಳು ಮಗನ ಹಳೇ ನೋಟ್‌ಬುಕ್ಕಿನಲ್ಲಿ ಹಾಲು, ಜೋಳ, ಕರೆಂಟ್ ಬಿಲ್ಲು ಅಂತ ದಿನದ ಖರ್ಚು ಬರೆದಿಟ್ಟಿದ್ದೆ. ಖರ್ಚಿನ ಕಾಲಂ ತುಂಬುವಾಗ ಅದು ತುಂಬಾ ಉಪಯೋಗಕ್ಕೆ ಬಂತು.

ಜೀವನಾಂಶ ಕೇಳಲು ಡಿವೋರ್ಸ್ ಆಗಲೇಬೇಕು ಅಂತಿಲ್ಲ. ಹಳೇ ಸಿಆರ್‌ಪಿಸಿ ಕಾನೂನಿನ ಜೀವನಾಂಶದ 125ನೇ ಕಲಮು ಈಗ, 2024ರ ಜುಲೈ 1ರಿಂದ, ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 144ನೇ ಕಲಮು ಆಗಿದೆ. ಅದರ ಕೆಳಗೆ ನೀವಿರುವ ಊರಿನ ಕಡೆಯೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶವನ್ನೂ ಕೇಳಿ. ನೋಟಿಸ್ ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿದೆ. ನಿಜದಲ್ಲಿ ತಡ ಆಗುತ್ತದೆ, ನನಗೂ ಆಯಿತು. ಆದರೆ ಅದೇ 2020ರ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಹಾಗಾಗಿ ಸುಮ್ನೆ ಕೂತರೆ ಹೋಗುವ ಒಂದೊಂದು ತಿಂಗಳೂ ನಿಮ್ಮ ದುಡ್ಡೇ.

ಸಂಬಳದ ಶೇಕಡಾ 25 ಸಿಗುತ್ತದೆ ಅಂತ ಜನ ಹೇಳುತ್ತಾರೆ. 2017ರ ಒಂದು ತೀರ್ಪಿನಲ್ಲಿ ಆ ಮಾತು ಬಂದದ್ದು ಹೌದು, ಆದರೆ ಎಲ್ಲರಿಗೂ ಅದೇ ಅಳತೆ ಅಲ್ಲ.

ಮುಂದೆ ಡಿವೋರ್ಸ್ ಆಗುವಾಗ ಒಟ್ಟು ಮೊತ್ತ ತಗೊಳ್ಳಬಹುದು, ತಪ್ಪೇನಿಲ್ಲ. ಅದು ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಶಾಶ್ವತ ಜೀವನಾಂಶ. ಕಂತಿನಲ್ಲಿ ಕೊಡುತ್ತೇನೆ ಅಂದರೆ, ಅವರ ಹೊಲದ ಮೇಲೆ ಬೋಜಾ, ಅಂದರೆ ಬಾಕಿಗೆ ಹೊಲವೇ ಹೊಣೆ ಅನ್ನೋ ದಾಖಲೆ, ಹಾಕಿಸಿ ಅಂತ ವಕೀಲರಿಗೆ ಹೇಳಿ. ಹಾಗೆ ಆದೇಶ ಮಾಡುವ ಅಧಿಕಾರ ಕೋರ್ಟಿಗಿದೆ. ತಿಂಗಳ ಜೀವನಾಂಶ ಕಟ್ಟದಿದ್ದರೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ವರ್ಷ ದಾಟಿದ ಬಾಕಿ ಕೈಗೆ ಬರುವುದು ಕಷ್ಟ.

ವಕೀಲರ ಫೀ ಬಗ್ಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಪುಕ್ಕಟೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೋಗುವಾಗ ಮದುವೆ ಫೋಟೊ, ಆಧಾರ್, ಮಗಳ ಜನನ ದಾಖಲೆ, ಶಾಲೆ ಫೀ ರಸೀದಿ, ಉತಾರ ಎಲ್ಲ ಒಂದೇ ಚೀಲದಲ್ಲಿ ಹಾಕ್ಕೊಂಡು ಹೋಗಿ. ಝೆರಾಕ್ಸ್ ಎರಡೆರಡು ಇರಲಿ.