ಸರಾಸರಿ ಹೇಳಲು ಒಟ್ಟು ತೂಕ ಬೇಕೇ, ಪ್ರಮಾಣವೊಂದೇ ಸಾಕೇ?

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಅಭ್ಯಾಸದ ಪ್ರಶ್ನೆಪತ್ರಿಕೆಯಲ್ಲಿ ಈ ಲೆಕ್ಕವಿತ್ತು: ಗಂಗಾವತಿಯ ವ್ಯಾಪಾರಿಯೊಬ್ಬರು ಕಿಲೋಗೆ 48 ರೂಪಾಯಿಯ ಹೊಸ ಸೋನಾ ಮಸೂರಿ ಅಕ್ಕಿಗೆ 60 ರೂಪಾಯಿಯ ಹಳೆ ಅಕ್ಕಿಯನ್ನು ಬೆರೆಸಿದರು. ಬೆರಕೆಯ ಸರಾಸರಿ ಬೆಲೆ ಕಿಲೋಗೆ ಎಷ್ಟು? ಹೇಳಿಕೆ 1: ಬೆರಕೆ ಒಟ್ಟು 300 ಕಿಲೋ ಇದೆ. ಹೇಳಿಕೆ 2: ಹೊಸ ಅಕ್ಕಿಯ ತೂಕ ಹಳೆ ಅಕ್ಕಿಯ ಎರಡರಷ್ಟಿದೆ. ಉತ್ತರಿಸಲು ಯಾವ ಹೇಳಿಕೆ ಸಾಕು ಎಂದು ಗುರುತಿಸಬೇಕಿತ್ತು. ಎರಡೂ ಹೇಳಿಕೆ ಸೇರಿದರೆ ಮಾತ್ರ ಸಾಕಾಗುತ್ತದೆ ಎಂದು ನಾನು ಗುರುತು ಹಾಕಿದೆ. ಎರಡನೆಯದೊಂದೇ ಸಾಕು ಎಂದು ಉತ್ತರಪಟ್ಟಿ ಹೇಳುತ್ತದೆ. ಒಟ್ಟು ತೂಕವೇ ತಿಳಿಯದೆ ಸರಾಸರಿ ಹೇಗೆ ಸಿಗುತ್ತದೆ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಉತ್ತರಪಟ್ಟಿ ಸರಿಯಾಗಿದೆ. ಹಳೆ ಅಕ್ಕಿ x ಕಿಲೋ ಇದ್ದರೆ ಹೊಸದು 2x ಕಿಲೋ ಇರುತ್ತದೆ. ಒಟ್ಟು ಬೆಲೆ 60x ಮತ್ತು 96x ಸೇರಿ 156x ರೂಪಾಯಿ, ಒಟ್ಟು ತೂಕ 3x ಕಿಲೋ. ಭಾಗಿಸಿದಾಗ x ಹೊರಟುಹೋಗಿ 52 ರೂಪಾಯಿ ಉಳಿಯುತ್ತದೆ. ವ್ಯಾಪಾರಿ 3 ಕಿಲೋ ಬೆರೆಸಿರಲಿ, 300 ಕ್ವಿಂಟಲ್ ಬೆರೆಸಿರಲಿ, ಕಿಲೋದ ಬೆಲೆ ಬದಲಾಗುವುದಿಲ್ಲ. ಬೆರಕೆಯ ಸರಾಸರಿ ಬೆಲೆಯನ್ನು ನಿರ್ಧರಿಸುವುದು ಭಾಗಗಳ ನಡುವಿನ ಪ್ರಮಾಣವೇ ಹೊರತು ಅವುಗಳ ಮೊತ್ತವಲ್ಲ. ಎರಡು ಅಜ್ಞಾತಗಳಿದ್ದರೆ ಎರಡು ಸಮೀಕರಣ ಬೇಕೆಂದು ಶಾಲೆಯಲ್ಲಿ ಕಲಿತ ನಿಯಮವನ್ನು ನೀವು ಇಲ್ಲಿಗೂ ತಂದಿರಬಹುದು. ಎರಡೂ ತೂಕಗಳನ್ನು ಬಿಡಿಬಿಡಿಯಾಗಿ ಕೇಳಿದ್ದರೆ ಆ ನಿಯಮ ಸರಿಹೋಗುತ್ತಿತ್ತು. ಇಲ್ಲಿ ಕೇಳಿರುವುದು ಸರಾಸರಿಯನ್ನು ಮಾತ್ರ, ಆದ್ದರಿಂದ ನಿಜವಾದ ಅಜ್ಞಾತ ಒಂದೇ: ಪ್ರಮಾಣ.

ಹಾಗಾಗಿ ಹೇಳಿಕೆಗಳನ್ನು ಓದುವ ಮೊದಲೇ, ಪ್ರಶ್ನೆಗೆ ಉತ್ತರಿಸಲು ಏನು ಬೇಕು ಎಂಬುದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ಲೆಕ್ಕಕ್ಕೆ "ಹೊಸದು : ಹಳೆಯದು" ಎಂದಷ್ಟು ಬರೆದರೆ ಸಾಕು. ಹೇಳಿಕೆ 1 ಅದನ್ನು ಕೊಡುವುದಿಲ್ಲ, ಹೇಳಿಕೆ 2 ಕೊಡುತ್ತದೆ. 52 ಎಂಬ ಉತ್ತರವನ್ನು ಕಂಡುಹಿಡಿಯುವ ಅಗತ್ಯವೂ ಇಲ್ಲ, ಏಕೆಂದರೆ ಮಾಹಿತಿ ಸಾಕೇ ಎಂಬುದಷ್ಟೇ ಪ್ರಶ್ನೆ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಇಂತಹ ಪ್ರಶ್ನೆಗಳು ಬರುವ ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ 20 ಪ್ರಶ್ನೆಗಳು, 45 ನಿಮಿಷ. ಅಷ್ಟರಲ್ಲಿ ಪ್ರತಿಯೊಂದನ್ನೂ ಕೊನೆಯವರೆಗೆ ಬಿಡಿಸುತ್ತ ಕುಳಿತರೆ ಸಮಯ ಸಾಲದು.

ಆದರೆ ಪ್ರಶ್ನೆ ತಯಾರಿಸುವವರು ಇದೇ ಲೆಕ್ಕವನ್ನು ಸ್ವಲ್ಪ ತಿರುಗಿಸಿ ಕೇಳುತ್ತಾರೆ, ಕಷ್ಟವಿರುವುದು ಅಲ್ಲಿಯೇ. ಹೇಳಿಕೆ 2ರ ಜಾಗದಲ್ಲಿ "ಹೊಸ ಅಕ್ಕಿ ಹಳೆಯದಕ್ಕಿಂತ 100 ಕಿಲೋ ಹೆಚ್ಚಿದೆ" ಎಂದಿದೆಯೆಂದು ಇಟ್ಟುಕೊಳ್ಳಿ. ಹಳೆಯದು 100 ಕಿಲೋ, ಹೊಸದು 200 ಕಿಲೋ ಇದ್ದರೆ ಸರಾಸರಿ 52 ರೂಪಾಯಿ. ಹಳೆಯದು 1 ಕಿಲೋ, ಹೊಸದು 101 ಕಿಲೋ ಇದ್ದರೆ ಅದು ಸುಮಾರು 48 ರೂಪಾಯಿ 12 ಪೈಸೆಗೆ ಇಳಿಯುತ್ತದೆ. ವ್ಯತ್ಯಾಸ ಗೊತ್ತಾದ ಮಾತ್ರಕ್ಕೆ ಪ್ರಮಾಣ ಗೊತ್ತಾಗುವುದಿಲ್ಲ. ಈಗ 300 ಕಿಲೋ ಎಂಬ ಮೊದಲ ಹೇಳಿಕೆ ನಿಜಕ್ಕೂ ಬೇಕಾಗುತ್ತದೆ, ನೀವು ಗುರುತು ಹಾಕಿದ ಉತ್ತರವೇ ಸರಿಯಾಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಹೇಳಿಕೆ ಅದೇ ಇರಲಿ, ಪ್ರಶ್ನೆಯನ್ನು ಮಾತ್ರ "ಸರಾಸರಿ ಬೆಲೆ 54 ರೂಪಾಯಿಗಿಂತ ಕಡಿಮೆಯೇ?" ಎಂದು ಬದಲಿಸಿ. 54 ಎಂಬುದು 48 ಮತ್ತು 60ರ ನಟ್ಟನಡುವಿನ ಸಂಖ್ಯೆ. ಎರಡೂ ಅಕ್ಕಿ ಸಮತೂಕವಿದ್ದಾಗ ಮಾತ್ರ ಸರಾಸರಿ ಅಲ್ಲಿ ನಿಲ್ಲುತ್ತದೆ. ಕಡಿಮೆ ಬೆಲೆಯ ಅಕ್ಕಿ ಎಷ್ಟೇ ಅಲ್ಪವಾಗಿ ಹೆಚ್ಚಿದ್ದರೂ ಸರಾಸರಿ 48ರ ಕಡೆಗೆ ಸರಿಯುತ್ತದೆ. ಆದ್ದರಿಂದ "100 ಕಿಲೋ ಹೆಚ್ಚಿದೆ" ಎಂಬ ಹೇಳಿಕೆಯೊಂದೇ ಖಚಿತವಾಗಿ "ಹೌದು" ಎಂಬ ಉತ್ತರ ಕೊಡುತ್ತದೆ, ಅಷ್ಟು ಸಾಕು. ಚೆನ್ನಾಗಿ ಓದಿಕೊಂಡ ಅಭ್ಯರ್ಥಿಗಳೂ ತಪ್ಪುವುದು ಇಲ್ಲಿ, ಏಕೆಂದರೆ ಅವರು ಹೇಳಿಕೆಯನ್ನು ತೂಗಿ ನೋಡುತ್ತಾರೆಯೇ ಹೊರತು ಪ್ರಶ್ನೆಯನ್ನು ಮತ್ತೊಮ್ಮೆ ಓದುವುದಿಲ್ಲ.

ಯಾವುದರ ಪ್ರಮಾಣ ಬೇಕು ಎಂಬುದನ್ನೂ ನೋಡಬೇಕು. ಬೆಲೆ ಕಿಲೋಗೆ ಇಷ್ಟೆಂದಿದ್ದರೆ ಕಿಲೋಗಳ ಪ್ರಮಾಣ ಬೇಕು. ವೇಗ ಗಂಟೆಗೆ ಇಷ್ಟೆಂದಿದ್ದರೆ ಗಂಟೆಗಳದ್ದು ಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 60ರ ವೇಗದಲ್ಲಿ ಮರಳಿದರೆ ಸರಾಸರಿ 50 ಆಗುವುದಿಲ್ಲ. ದೂರ ಒಂದೇ ಆಗಿರುವುದರಿಂದ ಸಮಯದ ಪ್ರಮಾಣ 3:2, ಸರಾಸರಿ ವೇಗ 48. ದೂರ ಎಷ್ಟೆಂದು ಹೇಳುವ ಹೇಳಿಕೆ ಇಲ್ಲಿ ಏನನ್ನೂ ಸೇರಿಸುವುದಿಲ್ಲ.

ಎಣಿಸುವ ವಸ್ತುಗಳಿದ್ದಾಗ ಮಾತ್ರ ಬರೆಯದೇ ಇರುವ ಒಂದು ಮಾಹಿತಿ ಸಿಗುತ್ತದೆ. ತರಗತಿಯೊಂದರಲ್ಲಿ ಹುಡುಗರ ಸರಾಸರಿ ಅಂಕ 62, ಹುಡುಗಿಯರದ್ದು 67. ಒಟ್ಟು ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದು ಪ್ರಶ್ನೆ. ಇಡೀ ತರಗತಿಯ ಸರಾಸರಿ 64 ಎಂದು ಒಂದು ಹೇಳಿಕೆ, ವಿದ್ಯಾರ್ಥಿಗಳು 46ಕ್ಕಿಂತ ಹೆಚ್ಚು, 54ಕ್ಕಿಂತ ಕಡಿಮೆ ಎಂದು ಇನ್ನೊಂದು. ಮೊದಲನೆಯದರಿಂದ ಹುಡುಗರು ಮತ್ತು ಹುಡುಗಿಯರು 3:2 ಎಂದು ತಿಳಿಯುತ್ತದೆ. ಮಕ್ಕಳ ಸಂಖ್ಯೆ ಪೂರ್ಣಾಂಕವೇ ಆಗಿರಬೇಕಾದ್ದರಿಂದ ಒಟ್ಟು ಸಂಖ್ಯೆ 5ರ ಗುಣಕ, ಆ ಮಿತಿಯಲ್ಲಿರುವ ಗುಣಕ 50 ಒಂದೇ. ಅಂದಾಜಿನಂತೆ ಕಾಣುವ ಎರಡನೆಯ ಹೇಳಿಕೆ ಮೊದಲನೆಯದರೊಡನೆ ಸೇರಿ ಖಚಿತ ಉತ್ತರ ಕೊಡುತ್ತದೆ. ಅಕ್ಕಿಯ ತೂಕದಲ್ಲಿ ಈ ದಾರಿ ನಡೆಯದು. ಅರ್ಧ ಕಿಲೋ, ಕಾಲು ಕಿಲೋ ಇರಲು ಅಡ್ಡಿಯಿಲ್ಲ.

ಪ್ರಶ್ನೆ: ಶೇ 65 ಮತ್ತು ಶೇ 58 ಕಬ್ಬಿಣಾಂಶದ ಅದಿರುಗಳನ್ನು ಬೆರೆಸಿ ಶೇ 62ಕ್ಕೆ ತರಲಾಗಿದೆ. ಟನ್‌ಗಳ ಲೆಕ್ಕವಿಲ್ಲದೆ ಪ್ರಮಾಣ ಹೇಳಬಹುದೇ? ಮೂರನೆಯ ದರ್ಜೆಯ ಅದಿರೂ ಸೇರಿದ್ದರೆ?
– ಓದುಗರೊಬ್ಬರು, ಸಂಡೂರು

ಉತ್ತರ: ಎರಡೇ ದರ್ಜೆಗಳಿದ್ದು, ಅವು ಬೇರೆಬೇರೆಯಾಗಿದ್ದರೆ ಸರಾಸರಿಯೊಂದೇ ಪ್ರಮಾಣವನ್ನು ಕೊಡುತ್ತದೆ. 62ರಿಂದ 58ಕ್ಕೆ ಅಂತರ 4, 65ಕ್ಕೆ ಅಂತರ 3. ಅಂತರಗಳನ್ನು ಅದಲುಬದಲು ಮಾಡಿದರೆ 65ರ ಅದಿರು 4 ಪಾಲು, 58ರದ್ದು 3 ಪಾಲು. ಶೇ 60ರ ಅದಿರೂ ಸೇರಿದರೆ ಈ ಖಚಿತತೆ ಹೋಗುತ್ತದೆ. 65, 60, 58ರ ಅದಿರುಗಳನ್ನು ಕ್ರಮವಾಗಿ 2:1:1ರಲ್ಲಿ ಬೆರೆಸಿದರೂ 62 ಬರುತ್ತದೆ, 10:3:6ರಲ್ಲಿ ಬೆರೆಸಿದರೂ 62 ಬರುತ್ತದೆ. ಆಗ ಇನ್ನೊಂದು ಹೇಳಿಕೆ ಬೇಕು, ಅದು ಒಟ್ಟು ಟನ್‌ಗಳದ್ದಾದರೆ ಪ್ರಯೋಜನವಿಲ್ಲ. 60 ಮತ್ತು 58ರ ಅದಿರು ಸಮತೂಕದಲ್ಲಿವೆ ಎಂದರೆ ಆ ಎರಡನ್ನೂ ಸೇರಿಸಿ 59ರ ಒಂದೇ ಅದಿರೆಂದು ತೆಗೆದುಕೊಳ್ಳಿ. 62ರಿಂದ ಎರಡೂ ಕಡೆಗೆ ಅಂತರ 3 ಆಗುವುದರಿಂದ ಅರ್ಧದಷ್ಟು 65ರ ಅದಿರು, ಉಳಿದರ್ಧದಲ್ಲಿ ಮಿಕ್ಕೆರಡು ಸಮನಾಗಿ ಇವೆ ಎಂದು ಹೇಳಬಹುದು.